ಉಡಿಯವ್ವನಿಗೊಂದು ಹಳೆಯ ಹೆಸರು

ಶಾಲಿವಾಹನ ಶಕ ೨೧೩೭, ರಾಕ್ಷಸ ಸಂವತ್ಸರ
ಹಿರಿಯರ ಅಮಾವಾಸ್ಯೆಯ ಹಿಂದಿನ ದಿನ
ಮಣ್ಣುಮನೆ, ಕರೇಮಡ್ಡಿ

ಹಿರಿಯರ ಪಾದಗಳಿಗೆ ಬಾಳವ್ವ ಮಾಡುವ ಶರಣು.

ಮೇಲಿನ ತಾರೀಖು ಓದಿ ನಗು ಬಂದರೆ ನಕ್ಕುಬಿಡಿ, ತಪ್ಪು ತಿಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ನೀವು ತೀರಿಕೊಂಡು ಎಷ್ಟೋ ತಲೆಮಾರು ಕಳೆದಿವೆ. ನಿಮ್ಮ ಲೆಕ್ಕದಲ್ಲಿ ನಾನು ಇನ್ನೂ ಹುಟ್ಟಬೇಕಾದವಳು. ಇಂಥವರು ಒಬ್ಬರಿಗೊಬ್ಬರು ಕಾಗದ ಬರೆಯುವುದು ಆಗಹೋಗುವ ಮಾತಲ್ಲ ಎಂದು ನನಗೂ ಗೊತ್ತು. ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಹಿರಿಯರ ಅಮಾವಾಸ್ಯೆಗೆ ಎಡೆ ಇಡುವಾಗ, ಬೇರೆ ದಾರಿಯೇ ಇಲ್ಲದವರು ಎಲೆಯ ಕೆಳಗೆ ಒಂದು ಕಾಗದ ಇಡುತ್ತಾರೆ. ಅದು ಯಾವ ದಾರಿಯಲ್ಲಿ ಹೋಗುತ್ತದೆ, ಯಾರ ಕೈಗೆ ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಎಡೆಯನ್ನು ಕಾಗೆ ಬಂದು ಮುಟ್ಟಬೇಕಂತೆ. ನಮ್ಮಲ್ಲಿ ಕಾಗೆ ಇಲ್ಲ, ನಮ್ಮಜ್ಜಿಯೂ ಅದನ್ನು ಕಂಡವಳಲ್ಲ. ಆದರೂ ಮಾಳಿಗೆ ಹತ್ತಿ "ಕಾವ್, ಕಾವ್" ಎಂದು ಕೂಗಿ ಕರೆಯುತ್ತೇವೆ. ಕರೆಯುವುದು ನಮ್ಮ ಕೆಲಸ, ಬರುವುದು ಬಿಡುವುದು ನಮ್ಮ ದೇವರಾದ ಮಲ್ಲಯ್ಯನ ಇಚ್ಛೆ.

ನಾನು ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಈಗ ಐವತ್ತು ವರ್ಷ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಾಲದಲ್ಲಿ ಇದ್ದಿರಲಿಕ್ಕಿಲ್ಲ, ಕೆಲವು ಇದ್ದರೂ ಬೇರೆ ಅರ್ಥದಲ್ಲಿ ಇದ್ದಿರಬಹುದು. ಬಂದಬಂದಲ್ಲಿ ಬಿಡಿಸಿ ಹೇಳುತ್ತೇನೆ. ದೊಡ್ಡ ಭಾಷೆ ಬರೆಯಲು ನನಗೆ ಬರುವುದಿಲ್ಲ. ಅಲ್ಲಲ್ಲಿ ಮಾತು ಒರಟಾದರೆ, ಮೊಮ್ಮಗಳು ಸಿಟ್ಟಿನಲ್ಲಿ ಅಂದಳು ಎಂದುಕೊಂಡು ಮನ್ನಿಸಿ.

ಮೊದಲು ನಮ್ಮ ನೆಲದ ಸಂಗತಿ. ನಾವು ಇದಕ್ಕೆ ಮಂಕುಮಣ್ಣು ಎನ್ನುತ್ತೇವೆ. ನೋಡಲು ಕಪ್ಪಗೆ ನಿಮ್ಮ ಎರೆ ಹೊಲದ ಹಾಗೆಯೇ ಇದೆ, ಆದರೆ ಕೈಯಲ್ಲಿ ಹಿಡಿದರೆ ಹಿಡಿತಕ್ಕೆ ಸಿಗುವುದಿಲ್ಲ. ನೀರು ಹಾಕಿದರೆ ಮೇಲೆಯೇ ನಿಂತು ಆರಿಹೋಗುತ್ತದೆ. ಬೀಜ ಹಾಕಿದರೆ ಮೊಳಕೆ ಬರುತ್ತದೆ, ಬೇರು ಇಳಿಯುವುದಿಲ್ಲ. ಎಲೆ ಉದುರಿದರೆ ಮುಂದಿನ ವರ್ಷಕ್ಕೂ ಅದೇ ಎಲೆ ಅದೇ ಜಾಗದಲ್ಲಿ ಬಿದ್ದಿರುತ್ತದೆ. ನಮ್ಮ ಜೋಳ ಬೆಳೆಯುವುದು ಹೊಲದಲ್ಲಿ ಅಲ್ಲ, ತೊಟ್ಟಿಗಳಲ್ಲಿ. ಮನೆಗೆ ಒಂದು ಸಾಲು ತೊಟ್ಟಿ, ಅದರೊಳಗೆ ಸುಟ್ಟ ಮಣ್ಣಿನ ಹರಳು, ಅದಕ್ಕೆ ವಾರಕ್ಕೊಮ್ಮೆ ಗೊಬ್ಬರದ ಉಪ್ಪು ಕದಡಿದ ನೀರು. ರೊಟ್ಟಿ ಆಗುತ್ತದೆ, ರುಚಿಯ ಮಾತು ಬೇಡ. ಹೊಲಗಳಿಗೆ ಹೆಸರು ಮಾತ್ರ ಉಳಿದಿವೆ: ಹತ್ತಿ ಹೊಲ, ಕುಸುಬಿ ಪಟ್ಟಿ, ಬಾವಿ ಕಡೆಯ ಹೊಲ. ದಾರಿ ಹೇಳುವಾಗ ಆ ಹೆಸರು ಬಳಸುತ್ತೇವೆ, ಅಲ್ಲಿ ಏನಿತ್ತು ಎಂದು ಹುಡುಗರು ಕೇಳುವುದನ್ನೂ ಬಿಟ್ಟಿದ್ದಾರೆ.

ಹೀಗಾಗಲು ಕಾರಣ ಮಣ್ಣೊಳಗಿನ ಬೂಜು ಸತ್ತದ್ದು. ನೀವು ಅದಕ್ಕೆ ಶಿಲೀಂಧ್ರ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದಿರಂತೆ, ಮನೆಯಲ್ಲಿ ಕಂಡರೆ ಒರೆಸಿ ಎಸೆಯುತ್ತಿದ್ದಿರಂತೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಎಳೆಯಾಗಿ ಅದು ನೆಲದೊಳಗೆ ಹಬ್ಬಿಕೊಂಡಿತ್ತು. ಎಲೆ, ಕಡ್ಡಿ, ಸತ್ತ ಹುಳ ಎಲ್ಲವನ್ನೂ ಬಿಡಿಸಿ ಮತ್ತೆ ಮಣ್ಣಿಗೆ ಒಪ್ಪಿಸುತ್ತಿತ್ತು. ನೀವು ಯಾವ ಔಷಧ ಸುರಿದಿರಿ, ಯಾವ ಆಸೆಗೆ ಸುರಿದಿರಿ ಎಂದು ನಾನು ವಿಚಾರಣೆಗೆ ಕೂಡುವುದಿಲ್ಲ. ಹಿರಿಯರನ್ನು ಬೈದರೆ ಎಡೆ ಮುಟ್ಟುವುದಿಲ್ಲ ಎನ್ನುತ್ತಾರೆ. ಎಳೆ ಹರಿದುಹೋಯಿತು, ಇಷ್ಟು ಹೇಳಿದರೆ ಸಾಕು.

ನನ್ನ ಕೆಲಸ, ಉಳಿದ ಬೂಜುಗಳ ಗುರುತು ಹಿಡಿಯುವುದು. ಆ ಕೆಲಸ ನಡೆಯುವ ಮನೆಗೆ ಮಣ್ಣುಮನೆ ಎಂದು ಹೆಸರು. ಸುತ್ತಲಿನ ಊರುಗಳಿಂದ ಮಣ್ಣು ಬರುತ್ತದೆ. ಅದನ್ನು ನೆರಳಲ್ಲಿ ಆರಿಸಿ, ನೀರಲ್ಲಿ ಕದಡಿ, ಮಜ್ಜಿಗೆಯಂತೆ ತೆಳ್ಳಗೆ ಮಾಡಿ, ಗಂಜಿಯ ತಟ್ಟೆಗಳ ಮೇಲೆ ಒಂದೊಂದು ಹನಿ ಹಾಕುತ್ತೇವೆ. ತಟ್ಟೆಯ ಮೇಲೆ ಏನಾದರೂ ಎದ್ದರೆ ಬಣ್ಣ, ವಾಸನೆ, ಎಳೆಯ ನಡಿಗೆ, ಬೀಜಕಣದ ಆಕಾರ ನೋಡಿ ಇದು ಇಂಥದ್ದು ಎಂದು ಹೇಳುವವರು ನಮ್ಮ ಮೇಲಿನವರಾದ ವಿಮಲಾಕ್ಷಿ ಅಕ್ಕೋರು. ಬಹಳ ಕಲಿತವರು, ಬಹಳ ಕಡಿಮೆ ಮಾತಿನವರು. ತಟ್ಟೆ ತೊಳೆದು, ಗಂಜಿ ಕಾಯಿಸಿ, ಎಳೆಯ ಚಿತ್ರ ತೆಗೆಯುವವಳು ನಾನು. ನಮ್ಮಿಬ್ಬರಿಗಿಂತ ಮೊದಲಿನಿಂದ ಇರುವವಳು ಹಂಪವ್ವ. ಅವಳ ಕಣ್ಣು ಹೋಗಿವೆ. ಆದರೆ ತಟ್ಟೆಯ ಮುಚ್ಚಳ ತೆಗೆದರೆ ಬಾಗಿಲಲ್ಲಿ ನಿಂತೇ, "ಹುಳಿ ವಾಸನಿ ಐತಿ, ಅದು ನಿನ್ನಿದಲ್ಲ, ಬ್ಯಾರೆ ಬಂದೈತಿ" ಎಂದು ಹೇಳುತ್ತಾಳೆ.

ಇಲ್ಲಿ ಒಂದು ಮಾತನ್ನು ನೀವು ಸರಿಯಾಗಿ ತಿಳಿಯಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಬೂಜುಜ್ವರ ಬಂತು. ಉಸಿರಿನ ಜೊತೆ ಎದೆಗೆ ಇಳಿದು ಒಳಗೇ ಬೆಳೆಯುವ ಒಂದು ಹೊಸ ಬೂಜು. ಊರಿಗೆ ಊರೇ ಮಲಗಿತು. ಆಗ ಮಣ್ಣುಮನೆಗಳನ್ನೆಲ್ಲ ಆಳುವ ಮಂಡಳಿಯವರು ಒಂದು ನಿಯಮ ಮಾಡಿದರು. ಜ್ವರಕ್ಕಿಂತ ಮೊದಲೇ ಹಿರಿಯರು ಕಂಡು, ಗುರುತು ಬರೆದು, ಹೆಸರಿಟ್ಟ ಬೂಜುಗಳೆಲ್ಲ ಹಳಬರು. ಅವುಗಳೊಂದಿಗೆ ಹಿರಿಯರು ಬದುಕಿದ್ದರು, ಆದ್ದರಿಂದ ಅವು ಇರುವ ಮಣ್ಣನ್ನು ಯಾರೂ ಸುಡುವಂತಿಲ್ಲ. ನಿಮ್ಮ ಕಾಲದವರು ಇಟ್ಟ ಆ ಹೆಸರುಗಳನ್ನೆಲ್ಲ ಒಟ್ಟು ಮಾಡಿದ ಪುಸ್ತಕಕ್ಕೆ ನಾವು ನಾಮಾವಳಿ ಎನ್ನುತ್ತೇವೆ, ಸೋಮವಾರ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಅದನ್ನು ಓದುತ್ತೇವೆ. ಲ್ಯಾಟಿನ್ ಎಂಬ ಭಾಷೆಯ ಎರಡೆರಡು ಮಾತಿನ ಹೆಸರುಗಳು. ಅರ್ಥ ಗೊತ್ತಿಲ್ಲ, ಬಾಯಿಗೆ ಕೂತುಬಿಟ್ಟಿವೆ. ನಾಮಾವಳಿಯಲ್ಲಿ ಇಲ್ಲದ ಬೂಜು ಸಿಕ್ಕರೆ ಅದು ಹೊಸಬ. ಹೊಸಬ ಸಿಕ್ಕ ಮಣ್ಣನ್ನು, ಹಳಬರು ಜೊತೆಗಿದ್ದರೂ, ಆಳುದ್ದ ಅಗೆದು ಬೆಂಕಿಗೆ ಹಾಕಬೇಕು.

ನಿಮ್ಮ ಕಾಲದಲ್ಲಿ ಯಾರಾದರೂ ಹೊಸ ಬೂಜು ಕಂಡುಹಿಡಿದರೆ ಅವರನ್ನು ಕರೆದು ಹಾರ ಹಾಕುತ್ತಿದ್ದರಂತೆ. ನಮ್ಮಲ್ಲಿ ಹೊಸದೊಂದು ಎದ್ದಿತೆಂದರೆ ಅಕ್ಕೋರು ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಆಮೇಲೆ ನನ್ನನ್ನು ಕರೆದು, "ಬಾಳವ್ವ, ಚಿತ್ರ ತೆಗಿ. ಚಂದ ಮಾಡಿ ತೆಗಿ" ಎನ್ನುತ್ತಾರೆ. ಅದರ ಗುರುತೆಲ್ಲ ಬಿಡದೆ ಬರೆಯುತ್ತೇವೆ. ಹೊಸಬರಿಗೆ ಹೆಸರಿಲ್ಲ, ಮಂಡಳಿಯವರು ಒಂದು ಅಂಕಿ ಕೊಡುತ್ತಾರೆ. ಆದರೆ ಹಂಪವ್ವ ಒಪ್ಪುವುದಿಲ್ಲ. "ಹುಟ್ಟಿದ ಕೂಸಿಗೆ ಹೆಸರಿಡದ ಒಯ್ದು ಸುಡತೀರೇನ್ರೆವಾ? ನಾ ಬದುಕಿರೂತನಕ ಆಗೂದಿಲ್ಲ" ಎನ್ನುತ್ತಾಳೆ. ಅದಕ್ಕೆ ಸುಡುವ ಮೊದಲು ತಟ್ಟೆಯನ್ನು ತೊಟ್ಟಿಲಲ್ಲಿಟ್ಟು ತೂಗುತ್ತೇವೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು: ಸೋದರತ್ತೆಯಾದವಳು ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುತ್ತಾಳೆ, ಸುತ್ತ ಕೂತ ಹೆಂಗಸರು ಬಗ್ಗಿದ ಅವಳ ಬೆನ್ನಿಗೆ ಗುದ್ದುತ್ತಾರೆ. ಬೂಜಿಗೆ ಸೋದರತ್ತೆ ಯಾವಾಗಲೂ ಹಂಪವ್ವನೇ. ಒಮ್ಮೆ ತೊಟ್ಟಿಲಿಗೆ ಅರಿಶಿನ ಹಚ್ಚಲು ಹೋದಳು, ಅಕ್ಕೋರು ಓಡಿ ಬಂದು ಕೈ ಹಿಡಿದರು, ಅರಿಶಿನ ಸೋಕಿದರೆ ಬೂಜು ಸಾಯುತ್ತದೆ ಎಂದು. "ನಾಳೆ ನೀವ ಸುಡೂರು, ಇವತ್ತು ನನ್ನ ಅರಿಶಿಣಕ್ಕ ಅಂಜತೀರಿ" ಎಂದು ಹಂಪವ್ವ ಬಾಗಿಲಿಗೆ ಹಚ್ಚಿ ಬಂದಳು.

ಇನ್ನು ನನ್ನ ಸಂಗತಿ.

ನಿಮ್ಮ ಕಾಲದಲ್ಲೂ ನಮ್ಮ ಕಡೆಯವರು ಹೆಣ ಹೂಳುವುದಕ್ಕೆ ಮಣ್ಣು ಮಾಡುವುದು ಎನ್ನುತ್ತಿದ್ದರಂತೆ. ನಿಮಗೆ ಅದು ಸುಮ್ಮನೆ ಆಡುವ ಮಾತಾಗಿತ್ತು, ಏಕೆಂದರೆ ನೀವು ಹೂಳಿ ಮನೆಗೆ ಬರುತ್ತಿದ್ದಿರಿ, ಮಾಡುವ ಕೆಲಸವನ್ನು ನೆಲ ಮಾಡುತ್ತಿತ್ತು. ಮಂಕುಮಣ್ಣಿನಲ್ಲಿ ಆ ಕೆಲಸ ನಡೆಯುವುದಿಲ್ಲ. ಪಕ್ಕದ ಊರಲ್ಲಿ ಮಗನಿಗೆಂದು ಗುಂಡಿ ತೋಡಿದಾಗ, ಯಾವ ಕಾಲದಲ್ಲೋ ಕೂಡಿಸಿ ಹೂಳಿದ್ದ ತಾಯಿ ಹಣೆಯ ವಿಭೂತಿ ಸಮೇತ ಹಾಗೇ ಕೂತಿದ್ದಳು. ಅಲ್ಲಿಯವರು ಊರನ್ನೇ ಬಿಟ್ಟರು. ಸತ್ತ ಮೇಲೂ ಮುಗಿಯದೆ ಉಪ್ಪಿನಲ್ಲಿಟ್ಟಂತೆ ಉಳಿಯುವುದಕ್ಕಿಂತ ದೊಡ್ಡ ಭಯ ನಮಗೆ ಬೇರೆ ಇಲ್ಲ.

ಕರೇಮಡ್ಡಿಯ ರುದ್ರಭೂಮಿ ಒಂದೇ ಹಾಗಿಲ್ಲ. ಊರ ತೆಂಕಣಕ್ಕೆ, ಒಂದು ಬೇವಿನ ಮರ ಇನ್ನೂ ನಿಂತಿರುವ ಜಾಗ. ಅದನ್ನು ಯಾರೂ ಉಳಲಿಲ್ಲ, ಯಾರೂ ಅಲ್ಲಿ ಔಷಧ ಸುರಿಯಲಿಲ್ಲ. ಹೆದರಿಕೆಯೋ ಭಕ್ತಿಯೋ, ನೀವು ಬಿಟ್ಟ ಒಂದೇ ತುಂಡು ನೆಲ ಅದು. ಅಲ್ಲಿ ಹೂಳಿದವರು ಮಣ್ಣಾಗುತ್ತಾರೆ. ಮತ್ತೆ ತೋಡಿದರೆ ಮೆತ್ತನೆಯ ಕಪ್ಪು ಮಣ್ಣು ಮಾತ್ರ ಸಿಗುತ್ತದೆ, ಕೈಯಲ್ಲಿ ಹಿಡಿದರೆ ಉಂಡೆಯಾಗುತ್ತದೆ. ದೂರದೂರಿನವರು ತಮ್ಮವರನ್ನು ಬಂಡಿಯಲ್ಲಿ ತರುತ್ತಾರೆ. ನಾವು ಯಾರನ್ನೂ ಬೇಡವೆಂದಿಲ್ಲ.

ನನ್ನ ಮಗಳು ಕಸ್ತೂರಿ ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಉಳಿಯಿತು, ಹೆಣ್ಣು, ಹೊನ್ನವ್ವ ಎಂದು ಹೆಸರಿಟ್ಟಿದ್ದೇವೆ. ಕಸ್ತೂರಿಯನ್ನು ಬೇವಿನ ಮರದ ಆಚೆಗೆ ಮಣ್ಣು ಮಾಡಿದೆವು. ಅಂದು ನಾನು ಹೆಚ್ಚು ಅಳಲಿಲ್ಲ. ಮಲ್ಲಯ್ಯ ಅವಳನ್ನು ಕರೆದುಕೊಂಡ, ನೆಲ ಅವಳನ್ನು ತೆಗೆದುಕೊಳ್ಳುತ್ತದೆ ಎಂಬ ಧೈರ್ಯವಿತ್ತು. ಆ ಧೈರ್ಯದ ಮೇಲೆಯೇ ಈ ಒಂದು ವರ್ಷ ರೊಟ್ಟಿ ಬಡಿದಿದ್ದೇನೆ, ತಟ್ಟೆ ತೊಳೆದಿದ್ದೇನೆ, ಕೂಸಿಗೆ ಹಾಲು ಹಾಕಿದ್ದೇನೆ.

ಈ ಯುಗಾದಿಯ ಹೊತ್ತಿಗೆ ಮಂಡಳಿಯಿಂದ ಆಜ್ಞೆ ಬಂತು: ರುದ್ರಭೂಮಿಗಳ ಮಣ್ಣನ್ನೂ ನೋಡಬೇಕು. ಅಕ್ಕೋರೇ ಹೋಗಿ ಬೇರೆ ಬೇರೆ ಕಡೆ ಮಣ್ಣು ತೆಗೆದರು. ಗಂಜಿಯ ತಟ್ಟೆಯ ಮೇಲೆ ಹಳಬರು ಹಲವರು ಎದ್ದರು. ಸತ್ತವರ ಮಣ್ಣು ಎಂದರೆ ಕೂದಲು ತಿನ್ನುವ ಬೂಜನ್ನೂ ನೋಡಬೇಕು. ಅದು ಗಂಜಿಗೆ ಬರುವುದಿಲ್ಲ, ಕೂದಲನ್ನೇ ಇಟ್ಟು ಕರೆಯಬೇಕು. ಎಣ್ಣೆ ಕಾಣದ, ಎಳೆಯ ಕೂದಲಾದರೆ ಒಳ್ಳೆಯದು. ಅದಕ್ಕಾಗಿ ನಮ್ಮ ಮಣ್ಣುಮನೆಯಲ್ಲಿ ಕೂಸುಗಳ ಜಾವಳದ ಕೂದಲನ್ನು ಬಳಸುತ್ತೇವೆ. ಮೊದಲ ಸಲ ತಲೆ ಬೋಳಿಸಿದಾಗ ತೆಗೆದ ಕೂದಲನ್ನು ನೀವು ದೇವರಿಗೆ, ಹೊಳೆಗೆ ಕೊಡುತ್ತಿದ್ದಿರಿ. ನಾವು ದೇವರಿಗೆ ಮುಟ್ಟಿಸಿ ಮಣ್ಣುಮನೆಗೆ ಕೊಡುತ್ತೇವೆ. ಆ ವಾರ ಜಾವಳ ಆದದ್ದು ನಮ್ಮ ಹೊನ್ನವ್ವನದು. ಅವಳ ಕೂದಲನ್ನು ಕುದಿಸಿ, ಸಣ್ಣಗೆ ಕತ್ತರಿಸಿ, ಅಲ್ಲಿಯ ಮಣ್ಣಿನ ಮೇಲೆ ಹರಡಿ, ನೀರು ಚಿಮುಕಿಸಿ ಮುಚ್ಚಿಟ್ಟೆ.

ಬಹಳ ದಿನ ಏನೂ ಬರಲಿಲ್ಲ. ಒಂದು ಮುಂಜಾನೆ ಮುಚ್ಚಳ ತೆಗೆದರೆ ಬೇವಿನ ಮರದಾಚೆಯ ಮಣ್ಣಿನ ತಟ್ಟೆಯಲ್ಲಿ ಬಿಳಿಯ ಎಳೆಗಳು ಮೇಲೆದ್ದು ಕೂದಲಿಗೆ ಸುತ್ತಿಕೊಂಡಿದ್ದವು. ಕೂದಲನ್ನು ಅವು ಕಡಿದಿರಲಿಲ್ಲ, ತಬ್ಬಿದ ಹಾಗಿತ್ತು. ನಾನು ಆ ಮಣ್ಣು ಯಾರ ಮಗ್ಗುಲಿನದು ಎಂದು ಯೋಚಿಸಿದೆ, ಆ ಕೂದಲು ಯಾರದು ಎಂದು ಯೋಚಿಸಿದೆ, ಅಲ್ಲೇ ನೆಲದ ಮೇಲೆ ಕೂತೆ. ಹಂಪವ್ವ ಬಂದು ನನ್ನ ತಲೆ ತಡವಿ, "ಯಾಕವ್ವಾ, ಹೊಟ್ಟಿ ನೋವೇನ?" ಎಂದಳು. ಆಮೇಲೆ ತಟ್ಟೆಯ ಮೇಲೆ ಬಗ್ಗಿ ಮೂಸಿದಳು. "ಇಂಥಾ ವಾಸನಿ ನಾ ಸಣ್ಣಾಕಿ ಇದ್ದಾಗ ಒಮ್ಮೆ ಬಂದಿತ್ತು, ಹಗೇವಿನ ಬಾಯಿ ತಗದಾಗ" ಎಂದಳು. ಹಗೇವು ಎಂದರೆ ಜೋಳ ತುಂಬುವ ನೆಲಮಾಳಿಗೆ, ನಿಮಗೆ ಗೊತ್ತಿರಬಹುದು.

ಇದರ ಗುರುತನ್ನು ಇಲ್ಲಿ ಬರೆಯುತ್ತೇನೆ. ಕಾಗದದ ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ. ಕೂದಲಿನಿಂದ ತೆಗೆದು ಗಂಜಿಯ ತಟ್ಟೆಗೆ ಹಾಕಿದರೆ ಮೊದಲು ಸತ್ತಂತೆ ಇರುತ್ತದೆ. ಅವಸರ ಮಾಡಿ ಎಸೆಯಬೇಡಿ. ಆಮೇಲೆ ಹತ್ತಿಯಂತೆ ಬೆಳ್ಳಗೆ ಎದ್ದು, ಅಂಚು ವಿಭೂತಿಯ ಬಣ್ಣಕ್ಕೆ ತಿರುಗುತ್ತದೆ. ನಡುವೆ ಮಡಿಕೆ ಮಡಿಕೆಯಾಗಿ ಒಳಕ್ಕೆ ಬಾಗುತ್ತದೆ, ಹೆಂಗಸರು ಉಡಿ ತುಂಬಿಸಿಕೊಳ್ಳಲು ಸೆರಗು ಹಿಡಿದ ಹಾಗೆ. ತಟ್ಟೆಯನ್ನು ತಿರುಗಿಸಿ ನೋಡಿದರೆ ತಳದಲ್ಲಿ ಕಾವಿಯ ಬಣ್ಣ. ಮಸೂರದಲ್ಲಿ ನೋಡಿದರೆ ಎಳೆಗಳು ಒಂಟಿಯಾಗಿ ನಡೆಯುವುದಿಲ್ಲ, ದೀಪದ ಬತ್ತಿ ಹೊಸೆದಂತೆ ಎರಡೆರಡು ಹೊಸೆದುಕೊಂಡು ಹೋಗುತ್ತವೆ. ಬೀಜಕಣಗಳು ರುದ್ರಾಕ್ಷಿಯಂತೆ ಗಂಟುಗಂಟಾಗಿವೆ, ಸರದಂತೆ ಸಾಲಾಗಿ ನಿಲ್ಲುತ್ತವೆ, ತುದಿಯದು ಉಳಿದವಕ್ಕಿಂತ ದೊಡ್ಡದು. ಇದಕ್ಕೆ ಒಬ್ಬ ತಂಗಿ ಇದ್ದಾಳೆ, ನಾಮಾವಳಿಯಲ್ಲಿ ಇರುವವಳು. ನೋಡಲು ಅಕ್ಕನಂತೆಯೇ. ಆದರೆ ತಂಗಿಯ ತಟ್ಟೆಯ ತಳ ಹಸಿರಾಗುತ್ತದೆ, ಅವಳ ಕಣ ನುಣ್ಣಗಿವೆ. ಇವಳದು ಕಾವಿ, ಇವಳದು ಗಂಟು. ಇಬ್ಬರನ್ನೂ ಒಂದೇ ಎಂದು ಬರೆಯಬೇಡಿ.

ಅಕ್ಕೋರು ನಾಮಾವಳಿ ಹಿಡಿದು ಕೂತರು. ಇಡೀ ಮಳೆಗಾಲ ಹುಡುಕಿದರು. ಇಲ್ಲಿಯ ಪುಸ್ತಕದಲ್ಲಿ ಇರದಿದ್ದರೆ ಬೇರೆ ಮಣ್ಣುಮನೆಗಳ ಪ್ರತಿಯಲ್ಲಿ ಇರಬಹುದೆಂದು ಕೇಳಿ ಕಳಿಸಿದರು. ಎಲ್ಲಿಯೂ ಇಲ್ಲ. ಹಿರಿಯರು ಕಾಡಿನ ಮಣ್ಣು ನೋಡಿದ್ದಾರೆ, ಹೊಲದ ಮಣ್ಣು ನೋಡಿದ್ದಾರೆ, ಹೊಳೆಯ ದಂಡೆ, ಕೋಳಿ ಸಾಕುವ ಜಾಗ, ಶಾಲೆಯ ಅಂಗಳ ಎಲ್ಲ ನೋಡಿದ್ದಾರೆ. ನಮ್ಮ ಸೀಮೆಯ ಒಂದು ರುದ್ರಭೂಮಿಯಿಂದಲೂ ಒಂದು ಚಿಟಿಕೆ ಮಣ್ಣು ತಂದಿಲ್ಲ.

ಏಕೆ ತರಲಿಲ್ಲ ಎಂದು ನನಗೆ ಗೊತ್ತು, ಏಕೆಂದರೆ ನಾವೂ ನಿಮ್ಮ ಮಕ್ಕಳೇ. ಮಣ್ಣಿಗೆ ಹೋಗಿ ಬಂದವರು ಬಾಗಿಲ ಹೊರಗೇ ಕಾಲು ತೊಳೆಯಬೇಕು, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು, ಚಪ್ಪಲಿಗೆ ಅಂಟಿದ ಮಣ್ಣನ್ನು ಒಳಗೆ ತರಬಾರದು. ನಾನೂ ಹಾಗೇ ಮಾಡುತ್ತೇನೆ. ದೇವರಲ್ಲಿ ಭಕ್ತಿ ಇರುವವಳು ನಾನು, ಸೂತಕವನ್ನು ಹಗುರವಾಗಿ ಮಾತಾಡುವವಳಲ್ಲ. ಆದರೆ ಇದನ್ನು ಹೇಳಲೇಬೇಕು. ಯಾವ ಬೂಜು ನಿಮ್ಮ ತಂದೆತಾಯಿಯನ್ನು ಮಣ್ಣು ಮಾಡುತ್ತಿತ್ತೋ, ಅದು ನಿಮ್ಮ ಅಂಗಾಲಿಗೆ ಅಂಟಿಕೊಂಡು ಮನೆಯ ಬಾಗಿಲವರೆಗೆ ಬಂದಿತ್ತು. ನೀವು ಪ್ರತಿ ಸಲವೂ ಒಂದು ತಂಬಿಗೆ ನೀರು ಹಾಕಿ ತೊಳೆದುಬಿಟ್ಟಿರಿ. ಒಬ್ಬರಾದರೂ ಒಂದು ಸಲವಾದರೂ ಬಗ್ಗಿ ನೋಡಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ.

ಹಂಪವ್ವ ಒಂದು ದಾರಿ ಹೇಳಿದಳು. "ತಂಗಿ ಹೆಸರ ಬರದ್ಬಿಡ್ರಿ ಅಕ್ಕೋರ. ತಳ ತಿರುವಿ ಯಾರು ನೋಡತಾರ? ಮಂಡಳ್ಯಾಗ ಕುಂತವರಿಗೆ ಕಾವಿ ಯಾವ್ದು ಹಸರು ಯಾವ್ದು." ನನ್ನ ಜೀವ ಅಕ್ಕೋರ ಕೈಯ ಲೇಖನಿಯ ಮೇಲಿತ್ತು. ಅಕ್ಕೋರು ಅದನ್ನು ಕೆಳಗಿಟ್ಟರು. "ಹೊಳಿ ಆಚಿ ಮಣ್ಣಮನ್ಯಾಗ ಹಿಂಗ ಒಂದು ಹೆಸರು ತಿದ್ದಿದ್ರು ಹಂಪವ್ವ. ಪಾಪ, ತಮ್ಮವರ ಮ್ಯಾಲಿನ ಸಂಕಟಕ್ಕ ತಿದ್ದಿದ್ರು. ಅದು ಜ್ವರದ ಬೂಜ ಇತ್ತು. ಈಗ ಆ ಊರ ಹೆಸರು ಹೇಳಾಕೂ ಯಾರೂ ಉಳದಿಲ್ಲ. ಇದು ಜ್ವರದ್ದಲ್ಲಂತ ನನಗ ಅನಸತೈತಿ. ಅನಸೂದು ಬ್ಯಾರೆ, ಗೊತ್ತಾಗೂದು ಬ್ಯಾರೆ" ಎಂದರು. ನನ್ನ ಕಡೆ ತಿರುಗಿ, "ನೀನ ಹೇಳ ಬಾಳವ್ವ, ಬರೀಲೇನು?" ಎಂದು ಕೇಳಿದರು. ನಿಜವಾಗಿ ಕೇಳಿದರು, ಬಾಯಿಮಾತಿಗೆ ಅಲ್ಲ. ನಾನು ತೊಟ್ಟಿಲಲ್ಲಿದ್ದ ಹೊನ್ನವ್ವನನ್ನು ನೋಡಿದೆ. ಅವಳ ಉಸಿರು ನೋಡಿದೆ. ಬೇಡ ಎಂದೆ. ಹಂಪವ್ವ ಅಂದು ಎರಡು ಹೊತ್ತು ನಮ್ಮಿಬ್ಬರೊಡನೆ ಮಾತಾಡಲಿಲ್ಲ. ಆಮೇಲೆ ತಾನೇ ಬಂದು, "ಸುಳ್ಳ ಹೇಳಾಕೂ ಬರೂದಿಲ್ಲ, ಎಂಥಾ ಹೆಂಗಸ್ರಿಗೆ ಗಂಟು ಬಿದ್ನೆಪಾ ಶಿವನ" ಎಂದು ಬೈದು ರೊಟ್ಟಿ ಕೇಳಿದಳು.

ಹೆಸರಿಡುವ ದಿನ ತಟ್ಟೆಯನ್ನು ಹೊನ್ನವ್ವನ ತೊಟ್ಟಿಲಲ್ಲೇ ಇಟ್ಟೆವು. ಹಂಪವ್ವ ಬಗ್ಗಿ, "ಕುರ್ರ್, ಉಡಿಯವ್ವ" ಎಂದಳು. ಸತ್ತವರನ್ನು ಉಡಿಯಲ್ಲಿ ಹಾಕಿಕೊಳ್ಳುವವಳು, ಅದಕ್ಕೆ ಆ ಹೆಸರು. ನಾನು ಅವಳ ಬೆನ್ನಿಗೆ ಗುದ್ದಬೇಕಿತ್ತು. ಕೈ ಎತ್ತಿದೆ, ಇಳಿಸಲು ಆಗಲಿಲ್ಲ. "ಗುದ್ದ, ಮುದುಕಿ ಸಾಯೂದಿಲ್ಲ" ಎಂದಳು. ಅಕ್ಕೋರು ಮೆಲ್ಲಗೆ ಒಂದು ಗುದ್ದಿದರು.

ಸುಡುಗಾರರು ಮೊನ್ನೆ ಬಂದಿಳಿದರು. ಚಕ್ರದ ಮೇಲೆ ಕೂಡಿಸಿದ ದೊಡ್ಡ ಭಟ್ಟಿ, ಅದಕ್ಕೆ ಗೂಡುಬಂಡಿ ಎನ್ನುತ್ತೇವೆ. ಒಂದು ಬಾಯಿಂದ ಮಣ್ಣು ಹಾಕಿದರೆ ಇನ್ನೊಂದು ಕಡೆಯಿಂದ ಕೆಂಪು ಹರಳು ಬೀಳುತ್ತದೆ. ಅವರ ಮೇಸ್ತ್ರಿ ಈರಬಸಪ್ಪ ನಮ್ಮ ಊರ ಅಳಿಯ, ಒಳ್ಳೆಯ ಮನುಷ್ಯ. ಮಣ್ಣುಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದು, ತಲೆ ತಗ್ಗಿಸಿಯೇ ಮಾತಾಡಿದ. "ಯವ್ವಾ, ನಮ್ಮಪ್ಪನೂ ಅಲ್ಲೇ ಅದಾನ. ಅವಾ ಪೂರಾ ಮಣ್ಣಾಗ್ಯಾನ, ಭಟ್ಟಿ ಒಳಗ ಹೋದ್ರ ನನಗ ತಿಳಿಯೂದೂ ಇಲ್ಲ ಇದು ನಮ್ಮಪ್ಪಂತ. ನಿನ್ನ ಮಗಳದು ಹಂಗಲ್ಲ. ಇನ್ನೂ ಮಣ್ಣಾಗದವರನ್ನ ಮನಿಯವರ ಕೈಗೆ ಕೊಡಬೇಕಂತ ಐತಿ. ನೀ ಬರಬ್ಯಾಡ, ಯಾರರ ಗಂಡಸರನ್ನ ಕಳಸು" ಎಂದ. ಹಿರಿಯರ ಅಮಾವಾಸ್ಯೆಯ ದಿನ ಹಿರಿಯರನ್ನು ಅಗೆಯಬಾರದೆಂದು ಬೇಡಿಕೊಂಡೆ. ಅದಕ್ಕೆ ಒಪ್ಪಿದ. ಅಮಾವಾಸ್ಯೆ ಕಳೆದು ಪಾಡ್ಯದ ಬೆಳಗ್ಗೆ ಭಟ್ಟಿ ಹೊತ್ತಿಸುತ್ತಾರೆ. ಬೇರೆ ಊರುಗಳಲ್ಲಿ ಅಂದೇ ನವರಾತ್ರಿಯ ಘಟ ಕೂಡಿಸಿ, ದೀಪ ಹಾಕಿ ದೇವಿಯನ್ನು ಕರೆಯುತ್ತಾರೆ.

ಹೀಗಾಗಿ ನಿಮ್ಮನ್ನು ಕೇಳುವುದು ಬಿಟ್ಟು ಬೇರೆ ದಾರಿ ನನಗೆ ಉಳಿದಿಲ್ಲ. ನಿಮ್ಮ ಊರಿನ ರುದ್ರಭೂಮಿಗೆ ಹೋಗಿ. ಹಗಲಲ್ಲೇ ಹೋಗಿ, ಕೈ ಮುಗಿದು ಹೋಗಿ. ಮರದ ನೆರಳಲ್ಲಿ ಒಂದು ಗೇಣು ಕೆಳಗಿನ ಮಣ್ಣು ಒಂದು ಹಿಡಿ ತನ್ನಿ. ಯಾವುದಾದರೂ ಕೂಸಿನ ಜಾವಳದ ಕೂದಲು ಅದರ ಮೇಲಿಟ್ಟು ಹಸಿ ಮಾಡಿ ಮುಚ್ಚಿಡಿ. ಬಂದದ್ದನ್ನು ತಿಳಿದವರ ಕೈಗೆ ಕೊಟ್ಟು ಗುರುತು ಬರೆಸಿ, ಒಣಗಿಸಿದ ಒಂದು ತುಣುಕನ್ನು ಕಾಪಾಡಲು ಹೇಳಿ, ನಾಲ್ಕು ಜನ ಓದುವಂತೆ ಅಚ್ಚು ಹಾಕಿಸಿ. ಉಡಿಯವ್ವ ಎಂದೇ ಹೆಸರಿಡಿ ಎಂದು ನಾನು ಹಟ ಮಾಡುವುದಿಲ್ಲ. ನಿಮ್ಮ ಮೇಷ್ಟ್ರ ಹೆಸರಿಡಿ, ನಿಮ್ಮ ಊರ ಹೆಸರಿಡಿ, ನಿಮ್ಮ ಹೆಂಡತಿಯ ಹೆಸರಿಡಿ. ಒಂದು ಹೆಸರು ಇದ್ದರೆ ಸಾಕು, ಅವಳು ಹಳಬಳಾಗುತ್ತಾಳೆ. ಅನುಮಾನ ಬೇಡ, ಇದರಿಂದ ಸತ್ತವರಿಗೆ ಅಪಚಾರವಾಗುವುದಿಲ್ಲ. ಮನೆಗೆ ಬಂದು ಕಾಲು ತೊಳೆಯಿರಿ, ಆದರೆ ಮಣ್ಣು ತೆಗೆದಿಟ್ಟುಕೊಂಡ ಮೇಲೆ ತೊಳೆಯಿರಿ.

ಈಗ ಬರೆದರೆ ನಾಡಿದ್ದಿನ ಪಾಡ್ಯದೊಳಗೆ ಹೆಸರು ಹೇಗೆ ಬಂದೀತು ಎಂದು ಅಕ್ಕೋರು ಕೇಳಿದರು. ನಾಮಾವಳಿಯಲ್ಲಿ ಇಲ್ಲದ್ದು ರಾತ್ರೋರಾತ್ರಿ ಬರುವುದಿಲ್ಲ ಎಂದರು. ಹಂಪವ್ವ ನಕ್ಕಳು. "ನಾಡಿದ್ದ ಯಾಕ ಬರಬೇಕು? ಹಿರ್ಯಾರು ಅವರ ಕಾಲದಾಗ ಬರದ್ರ ನಮಗದು ಮೊದಲಿಂದಾನ ಇದ್ದಂಗ ಆಗತೈತಿ. ನೀವು ಮತ್ತೊಮ್ಮೆ ಪುಸ್ತಕ ತಗದು, ಅಯ್ಯ, ಇಲ್ಲೇ ಇತ್ತಲ್ಲ, ನನ್ನ ಕಣ್ಣಿಗೆ ಏನಾಗಿತ್ತು ಅಂತೀರಿ" ಎಂದಳು. ಅಕ್ಕೋರು ಇಂದು ಸಂಜೆ ನಾಮಾವಳಿಯನ್ನು ಒರೆಸಿ ದೇವರ ಮುಂದೆ ಇಟ್ಟರು, ಅದನ್ನು ನಾನು ನೋಡಿದೆ.

ನಾಳೆ ಹೋಳಿಗೆ, ಕಡುಬು, ಕಸ್ತೂರಿಗೆ ಇಷ್ಟವಾದ ಗೋಧಿ ಹುಗ್ಗಿ ಮಾಡಿ ಎಡೆ ಇಡುತ್ತೇನೆ. ಹೊನ್ನವ್ವ ನನ್ನ ಕಂಕುಳಲ್ಲಿ ಕೂತು ಕಾವ್ ಕಾವ್ ಎನ್ನುತ್ತಾಳೆ, ಆಗಲೇ ಕಲಿತಿದ್ದಾಳೆ. ಪಾಡ್ಯದ ಬೆಳಗ್ಗೆ ಸ್ನಾನ ಮಾಡಿ, ಭಟ್ಟಿ ಹೊತ್ತುವ ಮೊದಲು, ಅಕ್ಕೋರೂ ನಾನೂ ಪುಸ್ತಕ ತೆಗೆಯುತ್ತೇವೆ. ತಂಗಿಯ ಹೆಸರು ಇರುವ ಪುಟ ಯಾವುದೆಂದು ನಮಗೆ ಬಾಯಿಪಾಠ. ಅದರ ಮೇಲೋ ಕೆಳಗೋ ಅಕ್ಕನಿಗೆ ಒಂದು ಸಾಲಿನ ಜಾಗ ಬೇಕು, ಅಷ್ಟೇ.

ನಿಮ್ಮ ಎಡೆಯನ್ನು ಒಂದು ವರ್ಷವೂ ತಪ್ಪಿಸಿಲ್ಲ, ಕಾಗೆ ಇಲ್ಲದ ಕಾಲದಲ್ಲೂ ತಪ್ಪಿಸಿಲ್ಲ. ಅದರ ಋಣದ ಮಾತು ನಾನು ಎತ್ತುವುದಿಲ್ಲ. ಹೆಸರಿಡಲು ನಿಮ್ಮಿಂದ ಆಗದಿದ್ದರೆ, ಅಥವಾ ಈ ಕಾಗದ ತಡವಾಗಿ ಸಿಕ್ಕಿದರೆ, ನೀವು ಹಿರಿಯರು, ಒಂದನ್ನಾದರೂ ತಿಳಿಸಿ. ಈರಬಸಪ್ಪ ನನ್ನ ಮಗಳನ್ನು ನನ್ನ ಕೈಗೆ ಕೊಟ್ಟಾಗ, ಅವಳನ್ನು ನಾನು ಎಲ್ಲಿ ಮಣ್ಣು ಮಾಡಲಿ?

ನಿಮ್ಮ ಮನೆಯವಳೇ ಆದ,
ಬಾಳವ್ವ